ಪದ್ಮಿನಿಗೆ ಪೌಡರ್

ನಮ್ಮ ಗೇಟಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೇ ತಪ್ಪಾಯಿತು. ಅದರ ಮಿರುಗು ಕಂಡ ಭಾವನಿಗೆ ತಮ್ಮ 1984ರ ಪ್ರೀಮಿಯರ್ ಪದ್ಮಿನಿಗೂ ಪೇಂಟಿಗೆ ಮುಂಚೆ ಅದನ್ನೇ ಮಾಡಿಸುವ ಹುಚ್ಚು ಹತ್ತಿತು. ತುಕ್ಕು ಮತ್ತೆ ತಲೆ ಎತ್ತಬಾರದಂತೆ.

"ಸಾರ್, ಇದು ಮುಖಕ್ಕೆ ಹಚ್ಚೋ ಪೌಡರ್ ಅಲ್ಲ," ಎಂದ ಟಿಂಕರಿಂಗ್ ಮೇಸ್ತ್ರಿ. "ಪುಡಿಗೆ ಕರೆಂಟ್ ಕೊಟ್ಟು ಅಂಟಿಸಿ, 180–200 ಡಿಗ್ರಿ ಓವನ್ನಲ್ಲಿ ಬೇಯಿಸಬೇಕು. ಗಾಜು, ರಬ್ಬರ್, ವೈರು, ಸೀಟು ಎಲ್ಲಾ ಬಿಚ್ಚಬೇಕು."

"ಬಿಚ್ಚಯ್ಯ!"

ಮೇಸ್ತ್ರಿ ಬಾಗಿಲು ಕುಟ್ಟಿದ. ಠಣ್ ಅನ್ನಬೇಕಾದದ್ದು ದೊಪ್ ಎಂದಿತು. "ಎಲ್ಲಾ ಪುಟ್ಟಿ. ಆ ಬಿಸಿಗೆ ಬಿರುಕು ಬಿಟ್ಟು ಉದುರುತ್ತೆ. ಆಮೇಲೆ ಉಳಿಯೋದು ಸ್ಟಿಯರಿಂಗು, ನಿಮ್ಮ ಆರ್‌ಸಿ ಬುಕ್ಕು."

ಉದುರದಿದ್ದರೂ ಕಷ್ಟವೇ. ಆ ಮಿರುಗುವ ಮೈಯನ್ನೆಲ್ಲ ಎಮೆರಿ ಕಾಗದದಿಂದ ಉಜ್ಜಬೇಕು, ಇಲ್ಲದಿದ್ದರೆ ಪೇಂಟ್ ಕಚ್ಚುವುದಿಲ್ಲ. ಕಾಸು ಕೊಟ್ಟು ನುಣುಪು ಮಾಡಿಸಿ, ಮತ್ತೆ ಕಾಸು ಕೊಟ್ಟು ಒರಟು ಮಾಡಿಸುವ ಭಾಗ್ಯ! ಅಕ್ಕ ಕೇಳಿದ್ದು ಒಂದೇ: "ಇಡೀ ಕಾರು ಹಿಡಿಸೋ ಓವನ್ ಎಲ್ಲಿದೇರೀ?"

ಕೊನೆಗೆ ನಾಲ್ಕು ರಿಮ್ಮುಗಳಷ್ಟೇ ಓವನ್ನಿಗೆ ಹೋದವು. ಮೈಗೆ ಎಪಾಕ್ಸಿ ಪ್ರೈಮರ್. ಭಾವ ಈಗಲೂ ಬಂದಾಗ ಮೊದಲು ಸವರುವುದು ನಮ್ಮ ಗೇಟನ್ನೇ, ಆಮೇಲೆ ಬೆಲ್ ಒತ್ತುತ್ತಾರೆ.