ಅವಲಪಲ್ಲಿಯ ಕುಕಿ ಶಾಸನಗಳು: ಅಳಿಸಿದ ಮೇಲೂ ಉಳಿದ ಪಾಠಗಳ ಕುರಿತು ಒಂದು ಕಿರು ಮಹಾಪ್ರಬಂಧ

ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಆದರೆ ವಿದ್ವಾಂಸರ ಕಣ್ಣಿಗೆ ಈವರೆಗೆ ಬೀಳದ ಒಂದು ಶಾಸನವರ್ಗ ಅದೇ ಸೀಮೆಯ ಅವಲಪಲ್ಲಿಯ ಮನೆಮನೆಯ ಕಂಪ್ಯೂಟರಿನಲ್ಲಿ ಅಡಗಿದೆ. ಅದರ ಹೆಸರು ಕುಕಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಇದರ ಪ್ರಸ್ತಾಪವಿಲ್ಲದಿರುವುದಕ್ಕೆ ಎರಡು ಕಾರಣಗಳುಂಟು. ಒಂದು, ರೈಸ್ ಶಾಸನ ಹುಡುಕಿದ್ದು ಮೈಸೂರು ಸಂಸ್ಥಾನದಲ್ಲಿ. ಹೊಸೂರು ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಎರಡು, ಕುಕಿ ಹುಟ್ಟಿದ್ದೇ 1994ರಲ್ಲಿ. ಮೊದಲನೆಯ ಕಾರಣವೇ ಹೆಚ್ಚು ಗಂಭೀರವಾದದ್ದೆಂದು ಗಡಿನಾಡಿನ ಪಂಡಿತರ ಮತ.

ಶಾಸನಕರ್ತೃ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ. ಜಾಲತಾಣಕ್ಕೆ ಅಲ್ಲಿಯವರೆಗೆ ನೆನಪೆಂಬುದೇ ಇರಲಿಲ್ಲ; ಈಗಷ್ಟೇ ಬಂದು ಹೋದವನನ್ನೂ ಮರುಕ್ಷಣ ‘ಯಾರಪ್ಪಾ ನೀನು’ ಎನ್ನುತ್ತಿತ್ತು. ಬಂದವನ ಕಂಪ್ಯೂಟರಿನಲ್ಲೇ ಒಂದು ಗುರುತು ಕೆತ್ತಿಟ್ಟು, ಮುಂದಿನ ಸಲ ಅದನ್ನು ಓದಿಕೊಳ್ಳುವ ಉಪಾಯವನ್ನು ಮೊಂಟುಲ್ಲಿ ಹೂಡಿದರು. ಕೆತ್ತನೆಯ ಮಿತಿ ಸುಮಾರು 4096 ಬೈಟ್. ದತ್ತಿ ಶಾಸನದಲ್ಲಿರುವ ಅಂಗಗಳೆಲ್ಲ ಇದರಲ್ಲೂ ಇವೆ: ಕೊಟ್ಟವರಾರು, ಸೀಮೆ ಎಲ್ಲಿಯವರೆಗೆ, ಊರ್ಜಿತ ಎಷ್ಟು ಕಾಲ. ಶಾಪಾಶಯ ಮಾತ್ರ ಇಲ್ಲ. ಅಳಿಸಿದವನು ಯಾವ ಹುಳುವಾಗಿಯೂ ಹುಟ್ಟಬೇಕಿಲ್ಲ.

ಊರ್ಜಿತದ ವಿಷಯದಲ್ಲಿ ಗೂಗಲ್ ಒಂದು ಕಾಲಕ್ಕೆ ನಮ್ಮ ಗಂಗರಿಗೂ ನೊಳಂಬರಿಗೂ ಕಡಿಮೆಯಿರಲಿಲ್ಲ. ಅದರ ಕುಕಿಯ ಆಯುಸ್ಸು 2038ರವರೆಗೆ, ಅಂದರೆ ಹಳೆಯ ಕಂಪ್ಯೂಟರುಗಳ ಪಂಚಾಂಗ ಮುಗಿಯುವ ವರ್ಷದವರೆಗೆ. ಆಚಂದ್ರಾರ್ಕವೆಂದರೆ ಇದೇ. ಟೀಕೆ ಬಂದ ಮೇಲೆ 2007ರಲ್ಲಿ ಅದನ್ನು ಎರಡು ವರ್ಷಕ್ಕೆ ಇಳಿಸಿದರು. 2022ರಿಂದ ಕ್ರೋಮ್ ಬ್ರೌಸರು ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚು ಆಯುಸ್ಸು ಕೊಡುವುದಿಲ್ಲ.

ಇನ್ನು ಪ್ರಕೃತ ಸಮಸ್ಯೆ. ಅವಲಪಲ್ಲಿಯ ಗೃಹಸ್ಥರೊಬ್ಬರು (ಪ್ರಬಂಧದ ಅನುಕೂಲಕ್ಕೆ ಇವರನ್ನು ಕಲ್ಪಿಸಿಕೊಳ್ಳಲಾಗಿದೆ) ಕಂಪ್ಯೂಟರ್ ನಿಧಾನವಾಯಿತೆಂದು, ಕುಕಿಗಳೂ ಸೇರಿದಂತೆ ಬೇಡದ್ದನ್ನೆಲ್ಲ ಗುಡಿಸುವ ಕ್ಲೀನರ್ ತಂತ್ರಾಂಶ ಓಡಿಸಿದರು. ಎಲ್ಲ ಸ್ವಚ್ಛವಾಯಿತೆಂದು ಅದು ವರದಿ ಕೊಟ್ಟಿತು. ಅನುಮಾನದಿಂದ ಕುಕಿಗಳ ಪಟ್ಟಿ ತೆರೆದರೆ, ಹೋಗದ ಊರಿನ ಶಾಸನಗಳೆಲ್ಲ ಅಲ್ಲಿ ಹಾಜರು: ಎಂದೂ ನೋಡದ ಸುದ್ದಿತಾಣದ್ದು, ಹೆಸರೇ ಕೇಳದ ಜಾಹೀರಾತು ಕಂಪನಿಯದು, ಜೊತೆಗೆ ಗೂಗಲ್‌ನದು.

ಪೂರ್ವಪಕ್ಷದವರು ಇದನ್ನು ವೈರಸ್ ಎನ್ನುತ್ತಾರೆ. ಕ್ಲೀನರೇ ಕಳ್ಳ ಎಂದೂ ಅವರಲ್ಲಿ ಒಂದು ಉಪಶಾಖೆ ವಾದಿಸುತ್ತದೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2017ರ ಆಗಸ್ಟಿನಲ್ಲಿ ಹೊರಬಂದ ‘ಸಿಕ್ಲೀನರ್’ 5.33ರೊಳಗೆ ದುಷ್ಕರ್ಮಿಗಳು ತಮ್ಮ ಕೋಡ್ ತುರುಕಿದ್ದರು. ಅದನ್ನು ಹಾಕಿಕೊಂಡವರ ಸಂಖ್ಯೆ ಸುಮಾರು 22.7 ಲಕ್ಷ ಎಂದು ಕಂಪನಿಯೇ ಹೇಳಿತು. ಪೊರಕೆಯಲ್ಲೇ ಚೇಳು ಕೂತಿದ್ದ ಪ್ರಕರಣವಿದು. ಆದರೆ ಅವಲಪಲ್ಲಿಯ ಪ್ರಸಂಗಕ್ಕೆ ಅಷ್ಟು ದೂರದ ಖಳನಾಯಕ ಬೇಕಾಗಿಲ್ಲ.

ಸಿದ್ಧಾಂತವನ್ನು ಮೊದಲು ಮಂಡಿಸಿದ ಕೀರ್ತಿ ಹೊಸೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗನಿಗೆ ಸಲ್ಲಬೇಕು (ಇವನೂ ಕಲ್ಪಿತನೇ, ಆದರೆ ಎಲ್ಲ ಊರಲ್ಲೂ ಸಿಗುತ್ತಾನೆ).

“ಅಂಕಲ್, ಕ್ಲೀನ್ ಮಾಡೋಕ್ ಮುಂಚೆ ಕ್ರೋಮ್ ಕ್ಲೋಸ್ ಮಾಡಿದ್ರಾ?”

“ಎಕ್ಸ್ ಒತ್ತಿದೆನಲ್ಲಪ್ಪ.”

“ಎಕ್ಸ್ ಒತ್ತಿದ್ರೆ ಕಿಟಕಿ ಮುಚ್ಚುತ್ತೆ ಅಂಕಲ್. ಕ್ರೋಮ್ ಮುಚ್ಚಲ್ಲ.”

ನೂರು ಪುಟದ ಭಾಷ್ಯಕ್ಕೆ ಸಮನಾದ ಸೂತ್ರವಿದು. ಕಿಟಕಿ ಮುಚ್ಚಿದರೂ ಹಿನ್ನೆಲೆಯಲ್ಲಿ ಓಡುತ್ತಿರಲು ಬ್ರೌಸರಿಗೆ ಅನುಮತಿಯಿರುತ್ತದೆ. ಕುಕಿಗಳೆಲ್ಲ ಒಂದೇ ಡೇಟಾಬೇಸ್ ಕಡತದಲ್ಲಿ ಕೂತಿರುತ್ತವೆ. ಬ್ರೌಸರು ಆ ಕಡತವನ್ನು ಹಿಡಿದುಕೊಂಡಿರುವಾಗ ಕ್ಲೀನರಿನ ಕೈ ಅಲ್ಲಿಗೆ ಎಟುಕುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ ಉಳಿದ ಕ್ರೋಮನ್ನು ಅಲ್ಲೇ ಮುಗಿಸಿ, ಆಮೇಲೆ ಕ್ಲೀನರ್ ಓಡಿಸಬೇಕು.

ಉಳಿದದ್ದು ಹಳೆಯ ಕುಕಿಯೋ ಹೊಸದಾಗಿ ಹುಟ್ಟಿದ್ದೋ ಎಂಬುದು ಕಾಲನಿರ್ಣಯದ ಪ್ರಶ್ನೆ. ಪ್ರತಿ ಕುಕಿಯೂ ಹುಟ್ಟಿದ ಕ್ಷಣ ಆ ಕಡತದಲ್ಲಿ ದಾಖಲಾಗಿರುತ್ತದೆ. ತೊಡಕೆಂದರೆ ಫೈರ್‌ಫಾಕ್ಸ್ 1970ರ ಜನವರಿ 1ರಿಂದ ಎಣಿಸಿದರೆ, ಕ್ರೋಮ್ 1601ರ ಜನವರಿ 1ರಿಂದ ಎಣಿಸುತ್ತದೆ, ಅದೂ ಮೈಕ್ರೊಸೆಕೆಂಡುಗಳಲ್ಲಿ. ಕ್ರೋಮ್ ಶಕೆಯ ಆರಂಭಕ್ಕೆ ಹಿಂದಿನ ದಿನ, 1600ರ ಡಿಸೆಂಬರ್ 31ರಂದು, ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸನದು ಸಿಕ್ಕಿತ್ತು. ಪರಸ್ಥಳದ ಕಂಪನಿಗಳು ನಮ್ಮ ಮನೆಯಲ್ಲಿ ಗುರುತು ಕಲ್ಲು ನೆಡುವುದಕ್ಕೂ ಈ ತಾರೀಖಿಗೂ ಸಂಬಂಧವಿದೆಯೆಂದು ಒಬ್ಬ ವಿದ್ವಾಂಸರು ಹಟ ಹಿಡಿದಿದ್ದಾರೆ. ಇಂಗ್ಲೆಂಡಿನ ಅಂದಿನ ಪಂಚಾಂಗವೇ ಬೇರೆಯಾಗಿತ್ತೆಂಬ ಆಕ್ಷೇಪಕ್ಕೆ ಅವರ ಉತ್ತರ ಇನ್ನೂ ಅಚ್ಚಿನಲ್ಲಿದೆ.

ನಿಜವಾದ ಪರೀಕ್ಷೆ ಇದಕ್ಕಿಂತ ಸುಲಭ. ಬ್ರೌಸರನ್ನು ಪೂರ್ತಿ ಮುಚ್ಚಿ, ಕ್ಲೀನರ್ ಓಡಿಸಿ, ವೈಫೈ ಆರಿಸಿ, ಪಟ್ಟಿ ನೋಡುವುದು. ಆಗಲೂ ಇರುವವು ಅಳಿಯದೆ ಉಳಿದವು. ವೈಫೈ ಹಾಕಿದೊಡನೆ ಬಂದವು ಹೊಸ ಕೆತ್ತನೆ. ಗೃಹಸ್ಥರ ಮನೆಯಲ್ಲಿ ಬಹುಪಾಲು ಎರಡನೆಯ ಜಾತಿಯವು. ಹೊಸ ಟ್ಯಾಬ್ ತೆರೆದರೆ ಸಾಕು, ಎಡ್ಜ್ ಬ್ರೌಸರು ಸುದ್ದಿ, ಹವಾಮಾನಗಳನ್ನು ತಾನೇ ತಂದು ಹರಡುತ್ತದೆ. ತಂದವರ ಕುಕಿಗಳೂ ಜೊತೆಗೇ ಬರುತ್ತವೆ. ಇನ್ನು ಕ್ರೋಮಿಗೆ ಸ್ವಜನಪಕ್ಷಪಾತದ ಇತಿಹಾಸವೇ ಇದೆ. 2018ರ ಸೆಪ್ಟೆಂಬರಿನ 69ನೆಯ ಆವೃತ್ತಿಯಲ್ಲಿ ‘ಎಲ್ಲ ಕುಕಿ ಅಳಿಸು’ ಎಂದರೂ ಲಾಗಿನ್ ಆಗಿದ್ದವರ ಗೂಗಲ್ ಕುಕಿಗಳು ಮಾತ್ರ ಉಳಿಯುತ್ತಿದ್ದವು. ಗದ್ದಲವಾದ ಮೇಲೆ 70ರಲ್ಲಿ ತಿದ್ದಿದರು.

ಆದರೆ ಈ ಪ್ರಬಂಧಕ್ಕೆ ಉಳಿದವುಗಳಿಗಿಂತ ಅಳಿದವುಗಳ ಚಿಂತೆ ಹೆಚ್ಚು. ಗೂಗಲ್ ತನ್ನ ಭಾರತದ ಮುಖಪುಟದಲ್ಲಿ ತೋರಿಸುವ 9 ದೇಶಭಾಷೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಹೊಸೂರಿನ ಒಂದೇ ಬೀದಿಯಲ್ಲಿ ಕೇಳಬಹುದು. ಯಾವ ತಾಣದಲ್ಲಿ ಯಾವ ಭಾಷೆ ಎಂದು ಗೃಹಸ್ಥರು ಆರಿಸಿಟ್ಟಿದ್ದೆಲ್ಲ ಕುಕಿಯಲ್ಲಿತ್ತು, ಹೋಯಿತು. ಅದಕ್ಕಿಂತ ಸೊಗಸಾದ ನಷ್ಟ ಇನ್ನೊಂದಿದೆ. ‘ನನ್ನ ಬೆನ್ನುಹತ್ತಬೇಡಿ’ ಎಂದು ಜಾಹೀರಾತು ಕಂಪನಿಗಳಿಗೆ ಹೇಳಿದರೆ, ಅನೇಕ ಕಂಪನಿಗಳು ಆ ಕೋರಿಕೆಯನ್ನು ಬರೆದಿಟ್ಟುಕೊಳ್ಳುವುದೂ ಕುಕಿಯಲ್ಲೇ. ಕುಕಿ ಬೇಡವೆಂದದ್ದನ್ನು ನೆನಪಿಡಲು ಒಂದು ಕುಕಿ! ಅದನ್ನೂ ಗುಡಿಸಿದ ಮೇಲೆ ಗೃಹಸ್ಥರು ಕಂಪನಿಗಳ ಕಣ್ಣಿಗೆ ಮತ್ತೆ ಹೊಸಬರಾದರು, ಬೆನ್ನುಹತ್ತಲು ಯೋಗ್ಯರಾದರು.

ಇದಕ್ಕೆಂದೇ ಕ್ಲೀನರಿನಲ್ಲಿ ‘ಉಳಿಸಬೇಕಾದ ಕುಕಿಗಳು’ ಎಂಬ ಪಟ್ಟಿಯಿರುತ್ತದೆ. ಹುಡುಗ ತೋರಿಸಿಕೊಟ್ಟ ಮೇಲೆ ಗೃಹಸ್ಥರು ಮೇಲ್ ಸೇರಿಸಿದರು, ರೈಲು ಟಿಕೇಟಿನ ತಾಣ ಸೇರಿಸಿದರು. ಮಗಳು ತನ್ನ ಕಾಲೇಜಿನದನ್ನು ಸೇರಿಸಿದಳು. ಅವರ ಹೆಂಡತಿ ಸೀರೆ ಅಂಗಡಿಗಳ ತಾಣಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಅಳಿಸಬೇಕಾದವುಗಳ ಸಾಲಿನಲ್ಲಿ ಈಗ ಉಳಿದಿರುವವು ಎರಡೋ ಮೂರೋ. ಅವುಗಳಲ್ಲೊಂದು, ಅಪ್‌ಡೇಟ್ ಆದಾಗ ಕ್ಲೀನರ್ ತಾನಾಗಿ ತೆರೆಯುವ ತನ್ನದೇ ಪುಟದ್ದು.