ಸಮುದ್ರ ಊರಲ್ಲಿಲ್ಲ

ಪ್ಯಾರಿಸ್‌ನಿಂದ ಹೆಚ್ಚುಕಮ್ಮಿ ಎರಡೂವರೆ ಗಂಟೆ ರೈಲಿನಲ್ಲಿ ಕೂತು ಸ್ಯಾಂ ಮಾಲೊ ತಲುಪಿದರೆ ಸಮುದ್ರವೇ ನಾಪತ್ತೆ! ಇಳಿತದ ಹೊತ್ತು. ಇಲ್ಲಿ ದೊಡ್ಡ ಉಬ್ಬರವಿಳಿತದ ದಿನಗಳಲ್ಲಿ ನೀರಿನ ಮಟ್ಟ 12 ಮೀಟರ್‌ಗೂ ಹೆಚ್ಚು ಏರಿಳಿಯುತ್ತದೆ. "ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ ಕೇಳ್ರೀ" ಎಂದಳು ನನ್ನವಳು.

ಅಕ್ಟೋಬರ್ ಗಾಳಿಗೆ ಛತ್ರಿ ಹಿಮ್ಮುಖವಾಗಿ ಅರಳಿತು. ಅಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು (ನಾನು ನಡುಗುತ್ತಿದ್ದೆ, ಯಾರೂ ಕೇಳಲಿಲ್ಲ) ಮರಳ ಮೇಲೆ ನಡೆದೇ ಗ್ರಾಂ ಬೇ ದ್ವೀಪ ಸೇರಿದರು. ಅಲ್ಲಿ ಲೇಖಕ ಶಾತೊಬ್ರಿಯಾಂ 1848ರಿಂದ ಕಡಲಿಗೆ ಮುಖಮಾಡಿ ಮಲಗಿದ್ದಾರೆ. ಸಮಾಧಿಯ ಮೇಲೆ ಶಿಲುಬೆ ಇದೆ, ಹೆಸರಿಲ್ಲ. "ಈ ಗಾಳೀಲಿ ಹೇಗಪ್ಪಾ ನಿದ್ದೆ ಬರುತ್ತೆ?" ಎಂದು ಅಮ್ಮ ಮರುಗಿದರು. ನೀರು ತಿರುಗಿ ಬರುವ ಮೊದಲೇ ಓಡಬೇಕು. ಇಲ್ಲವಾದರೆ ಗಂಟೆಗಟ್ಟಲೆ ಸಾಹಿತಿಗಳ ಸಹವಾಸ.

ಮಧ್ಯಾಹ್ನ ಗ್ಯಾಲೆಟ್. ಬಕ್‌ವೀಟ್ ಹಿಟ್ಟಿನ ಕಂದು ದೋಸೆ, ಒಳಗೆ ಚೀಸ್. ಅಮ್ಮ ಅಂಚು ಮುರಿದು ನೋಡಿ, "ಹಿಟ್ಟು ಹುಳಿ ಬಂದಿಲ್ಲ" ಎಂದು ತೀರ್ಪಿತ್ತು, ಚೀಲದಿಂದ ಚಟ್ನಿಪುಡಿ ತೆಗೆದರು. ಪಕ್ಕದ ಮೇಜಿನ ಫ್ರೆಂಚ್ ಅಜ್ಜಿ ಆಸೆಯಿಂದ ನೋಡಿದರು. ಕೊಟ್ಟೆವು. ಅವರು ಆಮೇಲೆ ತುಂಬಾ ನೀರು ಕುಡಿದರು.

ಸಂಜೆ ಸ್ಟೇಷನ್‌ಗೆ ಹೊರಟಾಗ ಸಮುದ್ರ ಬಂದೇಬಿಟ್ಟಿತು. ಒಂದು ಅಲೆ ತಡೆಗೋಡೆಗೆ ಬಡಿದು ಅಮ್ಮನನ್ನೂ ನನ್ನ ಜಾಕೆಟ್ಟನ್ನೂ ತೋಯಿಸಿತು.

"ನೋಡು, ನಿಮ್ಮ ಮಾವನ ಥರ," ಎಂದರು ಸೊಸೆಗೆ, "ಎಲ್ಲಾ ಮುಗಿದ ಮೇಲೆ ಬರೋದು."