ನಾಲ್ಕು-ಏಳು-ಎಂಟು ರಾಯರು

ನಮ್ಮ ಬೀದಿಯ ಯಾವ ಮನೆಯಲ್ಲಾದರೂ ಕುಕ್ಕರಿಗಿಂತ ಜೋರಾಗಿ ಮನುಷ್ಯರು ಕೂಗಿದರೆ ಎರಡೇ ನಿಮಿಷದಲ್ಲಿ ರಾಯರು ಗೇಟಿನ ಬಳಿ ಹಾಜರು. "ಜಗಳ ಆಮೇಲೆ. ಮೊದಲು ನಾಲ್ಕು ಎಣಿಸೋವರೆಗೆ ಉಸಿರು ಎಳ್ಕೊಳ್ಳಿ, ಏಳು ಎಣಿಸೋವರೆಗೆ ಹಿಡ್ಕೊಳ್ಳಿ, ಎಂಟಕ್ಕೆ ಪೂರ್ತಿ ಬಿಡಿ." ನಮ್ಮ ಪ್ರಾಣಾಯಾಮವೇ ಅಮೆರಿಕಕ್ಕೆ ಹೋಗಿ, ಡಾಕ್ಟರ್ ಆಂಡ್ರೂ ವೈಲ್ ಅವರ ಕೈಯಲ್ಲಿ ಲೆಕ್ಕ ಕಲಿತು ವಾಪಸು ಬಂದದ್ದು ಹೀಗೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ರಾಯರಿಗೆ ನಿವೃತ್ತಿಯ ಮೇಲೂ ಎಣಿಸಲು ಏನಾದರೂ ಬೇಕಿತ್ತು, ಉಸಿರು ಸಿಕ್ಕಿತು.

ಎರಡು ದಿನದ ಶಿಬಿರವೊಂದಕ್ಕೆ ಹೋಗಿ ಬಂದಾಗಿನಿಂದ "ಚೆನ್ನಾಗಿದ್ದೀನಿ" ಎಂಬ ಉತ್ತರ ಅವರಲ್ಲಿ ಚಲಾವಣೆಯಿಲ್ಲ. "ಅದು ಭಾವನೆ ಅಲ್ಲ, ಅಭ್ಯಾಸ. ಒಳಗೇನಿದೆ ಹೇಳಿ" ಎನ್ನುತ್ತಾರೆ. ತರಕಾರಿ ಗಾಡಿಯವನು ಗೋಣಿಚೀಲ ಸರಿಸಿ ನೋಡಿ, "ಒಳಗೆ ಬೀನ್ಸ್ ಐತೆ ಸ್ವಾಮಿ, ಕಾಲು ಕೆಜಿ ಇಪ್ಪತ್ತು" ಅಂದ.

ಅವರ ಕಪಾಟಿನಲ್ಲಿ ಡಾ. ಎಂ. ಶಿವರಾಂ ಬರೆದ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಮನಮಂಥನ’ವಿದೆ. ಅದೇ ಶಿವರಾಂ ‘ರಾಶಿ’ಯಾಗಿ ‘ಕೊರವಂಜಿ’ ನಡೆಸಿ ನಾಡನ್ನೇ ನಗಿಸಿದವರು. ರಾಯರು ಮಂಥನ ಮಾತ್ರ ಮನೆಗೆ ತಂದು, ನಗುವನ್ನು ಅಂಗಡಿಯಲ್ಲೇ ಬಿಟ್ಟರು.

ಅವರ ಇಷ್ಟದೈವ ಆಲ್ಬರ್ಟ್ ಎಲ್ಲಿಸ್. 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೊಸ ಚಿಕಿತ್ಸಾಕ್ರಮ ಕಟ್ಟಿದ ಮನಶ್ಶಾಸ್ತ್ರಜ್ಞ. "ಎ ಅಂದ್ರೆ ನಡೆದದ್ದು, ಸಿ ಅಂದ್ರೆ ನಮಗಾದ ಸಂಕಟ. ಮಧ್ಯೆ ಬಿ ಇದೆ ನೋಡಿ, ನಾವು ನಂಬಿಕೊಂಡದ್ದು. ಅದನ್ನ ತಿದ್ದಿದ್ರೆ ಸಂಕಟ ಅರ್ಧ ಇಳೀತು."

ಒಂದು ಭಾನುವಾರ ಯಾರೋ ರಾಯರ ಗೇಟಿಗೇ ಅಡ್ಡವಾಗಿ ಕಾರು ನಿಲ್ಲಿಸಿ ಹೋದರು. "ಯಾವನೋ ಅವ್ನು!" ಎಂಬ ಗರ್ಜನೆಗೆ ಬೀದಿಯ ನಾಯಿಗಳೂ ಎದ್ದು ಕೂತವು. ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು: "ರೀ, ಎ ಬಂದ ತಕ್ಷಣ ಸಿಗೆ ಹಾರಿಬಿಟ್ರಲ್ಲ, ಬಿ ಎಲ್ಲಿ?"

"ಬಿ-ಗಿ ಏನೂ ಇಲ್ಲ ಕಣೇ, ನಮ್ಮದು ಎ ಖಾತಾ!"

ಡಿಸೆಂಬರಿನಲ್ಲಿ ನಮ್ಮಪ್ಪ ಹೋದರು. ಹದಿಮೂರು ದಿನ ಕಳೆದು ನೆಂಟರೆಲ್ಲ ಊರು ಸೇರಿದ ಮೇಲೆ ಅಮ್ಮ ಒಂದು ಬೇಸಿನ್ ಅವರೆಕಾಳು ನೆನೆಸಿಟ್ಟುಕೊಂಡು, ಮುಟ್ಟದೆ ಕೂತಿದ್ದರು. ಅಪ್ಪನಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ. ರಾಯರು ಬಂದರು. ಎ-ಬಿ-ಸಿ ಶುರುವಾಯಿತೆಂದು ನಾನು ಬಾಗಿಲಲ್ಲೇ ಉಸಿರು ಹಿಡಿದೆ, ಏಳಕ್ಕಿಂತ ಹೆಚ್ಚೇ ಎಣಿಸಿರಬೇಕು. ಅವರು ಪಂಚೆ ಎತ್ತಿಕಟ್ಟಿ ನೆಲಕ್ಕೆ ಕೂತು, ಒಂದು ಹಿಡಿ ಕಾಳು ತೆಗೆದುಕೊಂಡು ಹಿತಕತೊಡಗಿದರು. "ಅಕ್ಕಾ, ಈ ವರ್ಷ ಸೊಗಡು ಕಡಿಮೆ" ಅಂದದ್ದು ಬಿಟ್ಟರೆ ಒಂದು ಗಂಟೆ ಮಾತಿಲ್ಲ. ನಡುವೆ ಅಮ್ಮ ಅತ್ತರು. ರಾಯರು ಬೇಸಿನ್ನನ್ನು ಇನ್ನಷ್ಟು ಹತ್ತಿರ ಸರಿಸಿದರು. ಅಮ್ಮನ ಕೈಯೂ ಕಾಳಿಗೆ ಹೋಯಿತು.

ಮರುದಿನ ಗೇಟಿನ ಬಳಿ ಸಿಕ್ಕವರು ಪಿಸುಗುಟ್ಟಿದರು: "ನಿನ್ನೆ ನಾನು ಮಾಡಿದ್ದಕ್ಕೆ ಏನೋ ಹೆಸರಿದೆ ಕಣಯ್ಯ. ಪುಸ್ತಕದಲ್ಲಿ ಹುಡುಕ್ತಿದ್ದೀನಿ, ಸಿಗ್ತಾ ಇಲ್ಲ."

ಒಳಗೆ ಬಂದು ಅಮ್ಮನಿಗೆ ಹೇಳಿದೆ. "ಹೆಸರು ಹಾಳಾಗ್ಲಿ, ಹುಳುಕು ಕಾಳನ್ನೂ ಸೇರಿಸಿ ಹಿತಕಿದ್ದಾರೆ" ಅಂದರು. ಆಮೇಲೆ, "ನಾಳೆ ಇನ್ನೊಂದು ಸೇರು ನೆನೆಸ್ತೀನಿ, ಬರಕ್ಕೆ ಹೇಳು."